ಬೋಳುಕಟ್ಟೆಯ ಅತ್ತಿಗಿಡ

ನೀರಿಲ್ಲದ ಕಟ್ಟೆಯನ್ನು ಕಾಯುವುದಕ್ಕೂ ಒಬ್ಬರು ಬೇಕಾ ಅಂತ ಊರವರು ನಗುತ್ತಿದ್ದರು. ಕಳ್ಳ ಬಂದರೆ ಏನು ಹೊತ್ತುಕೊಂಡು ಹೋಗುತ್ತಾನೆ, ಮಣ್ಣಾ? ನಗುವವರಿಗೇನು. ಊರಿನ ಮೇಲುಗಡೆ, ಎರಡು ಗುಡ್ಡಗಳ ನಡುವೆ ಹಳ್ಳಕ್ಕೆ ಅಡ್ಡವಾಗಿ ಹಾಕಿದ ಆ ಮಣ್ಣಿನ ಕಟ್ಟೆ ವರ್ಷವಿಡೀ ಖಾಲಿ ಇರಬೇಕು. ಖಾಲಿ ಇರುವುದೇ ಅದರ ಕೆಲಸ. ಹಿಂದೆ ಒಂದು ಮಳೆಗಾಲದಲ್ಲಿ ಹಳ್ಳ ಒಮ್ಮೆಗೇ ಉಕ್ಕಿ ಬಂದು ಕೆಳಗಿನ ಬೀದಿಯನ್ನು ಗುಡಿಸಿಕೊಂಡು ಹೋದ ಮೇಲೆ ಕಟ್ಟಿದ್ದು ಅದು. ಬುಡದಲ್ಲಿ ಒಂದು ತೂಬು. ಅದಕ್ಕೆ ಬಾಗಿಲಿಲ್ಲ, ಬರೀ ಕಬ್ಬಿಣದ ಜಾಲರಿ. ದಿನದ ನೀರು ದಿನವೇ ಹರಿದುಹೋಗುತ್ತದೆ. ಗುಡ್ಡದ ಮೇಲೆ ಹುಚ್ಚು ಮಳೆ ಸುರಿದಾಗ ಮಾತ್ರ ನೀರು ಕಟ್ಟೆಯ ಹಿಂದೆ ನಿಂತು, ತೂಬಿನಲ್ಲಿ ಹಿಡಿಸಿದಷ್ಟೇ ನಿಧಾನವಾಗಿ ಊರಿಗಿಳಿಯುತ್ತದೆ. ಇದನ್ನು ಊರಿಗೆ ತಿಳಿಸಿ ಹೇಳುವಷ್ಟರಲ್ಲಿ ಇಂಜಿನಿಯರುಗಳ ಬಾಯಿ ಬಿದ್ದುಹೋಯಿತು. ತುಂಬದ ಕಟ್ಟೆ ಯಾವ ಸೀಮೆ ಕಟ್ಟೆ? ಜನ ಅದಕ್ಕೆ ಬೋಳುಕಟ್ಟೆ ಅಂತ ಹೆಸರಿಟ್ಟರು. ಅದನ್ನು ಕಾಯುವವಳು ಬೋಳುಕಟ್ಟೆಯವಳಾದಳು.

ಆ ಹೆಸರಿನಲ್ಲಿ ಒಂದು ಮುಳ್ಳಿತ್ತು. ಇಟ್ಟವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಾವಲಿನ ಕೆಲಸ ಮೊದಲು ಅವಳ ಗಂಡನದು. ಕಾಮಾಲೆ ಬಂದು ಅವನು ಹೋದ ಮೇಲೆ, ಇನ್ನೂ ಚಿಕ್ಕ ವಯಸ್ಸು, ಮಕ್ಕಳಿಲ್ಲ ಮರಿಯಿಲ್ಲ, ಪಾಪ ಎಲ್ಲಿಗೆ ಹೋಗುತ್ತಾಳೆ ಅಂತ ಕೆಲಸವನ್ನು ಅವಳಿಗೇ ಕೊಟ್ಟರು. ಕೊಟ್ಟ ದಿನ ಇಂಜಿನಿಯರು ಅವಳನ್ನು ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಸಿಕೊಂಡು ಹೋಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ್ದರು. ಹುಲ್ಲು ಇರಲಿ, ಹುಲ್ಲು ಮಣ್ಣನ್ನು ಹಿಡಿಯುತ್ತದೆ. ಹೆಗ್ಗಣ ಬಿಲ ತೋಡಿದರೆ ಮುಚ್ಚಬೇಕು. ಗಿಡವಂತೂ ಬೇಡವೇ ಬೇಡ.

"ಮರದ ಬೇರು ಅಂದ್ರೆ ನೀರಿಗೆ ನಾವೇ ತೋರಿಸಿಕೊಟ್ಟ ದಾರಿ ಅಮ್ಮ. ಮೊಣಕಾಲುದ್ದ ಆಗೋ ಮುಂಚೆ ಕಿತ್ತುಬಿಡಿ."

ಅವಳು ಕೆಲಸಕ್ಕೆ ಬಿದ್ದ ರೀತಿ ನೋಡಿ ಇಲಾಖೆಯವರೇ ಬೆರಗಾದರು. ಬೆಳಿಗ್ಗೆ ಹೋಗಿ ಜಾಲರಿಗೆ ಸಿಕ್ಕ ಕಸಕಡ್ಡಿ, ಹರಿದ ಚೀಲ, ಒಂಟಿ ಚಪ್ಪಲಿ ಎಲ್ಲ ಎಳೆದು ಹಾಕುವಳು. ಆಮೇಲೆ ಏರಿಯ ಇಳಿಜಾರಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಹೇನು ನೋಡುವವರ ಹಾಗೆ ಹುಲ್ಲು ಬಿಡಿಸಿ ಬಿಡಿಸಿ ಮೊಳಕೆ ಹುಡುಕುವಳು. ಬಿಲ ಕಂಡರೆ ಕಲ್ಲು ತುರುಕಿ, ಮಣ್ಣು ಮೆತ್ತಿ, ಮೇಲೆ ನಿಂತು ತುಳಿದು ಗಟ್ಟಿ ಮಾಡುವಳು. "ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳು ಹೆತ್ತಿಲ್ಲವಲ್ಲ, ಅದಕ್ಕೇ ಹೆಗ್ಗಣ ಕಂಡರೆ ಆಗೋದಿಲ್ಲ" ಅಂತ ಹಾಲಿನವಳು ಅಂದದ್ದು ಊರೆಲ್ಲ ಸುತ್ತಾಡಿ ಕೊನೆಗೆ ಅವಳ ಕಿವಿಗೂ ಬಂತು.

ಹಂಗಿಸುವುದಕ್ಕೆ ಕಾರಣಗಳಿಗೇನು ಬರ. ಶಾಲೆಯ ಮೇಷ್ಟ್ರು ಮಕ್ಕಳ ಕೈಯಲ್ಲಿ ಏರಿಯುದ್ದಕ್ಕೂ ಸಾಲುಗಿಡ ನೆಡಿಸಿ ಫೋಟೋ ತೆಗೆಸಿಕೊಂಡು ಹೋದರು. ಮಾರನೇ ದಿನ ಅವಳು ಒಂದನ್ನೂ ಬಿಡದೆ ಕಿತ್ತು, ಬೇರಿನ ಮಣ್ಣು ಉದುರದ ಹಾಗೆ ಬುಟ್ಟಿಯಲ್ಲಿಟ್ಟು, ಶಾಲೆಯ ಬಾಗಿಲಲ್ಲಿ ಇಳಿಸಿ ಬಂದಳು. ಹಾಲಿನವಳು ತನ್ನ ದನಗಳಿಗೆ ನೆರಳಾಗಲಿ ಅಂತ ನೆಟ್ಟಿದ್ದನ್ನೂ ಕಿತ್ತಳು. ಅವತ್ತು ನಲ್ಲಿಯ ಹತ್ತಿರ ಎಲ್ಲರೂ ಕೇಳುವ ಹಾಗೆ ಹಾಲಿನವಳು ಹೇಳಿದಳು: "ಹೊಟ್ಟೆಯೂ ಬೋಳು, ಕಟ್ಟೆಯೂ ಬೋಳು. ತನಗಿಲ್ಲದ್ದು ಊರಲ್ಲಿ ಯಾರಿಗೂ ಇರಬಾರದು ಇವಳಿಗೆ."

ಅವಳು ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಬಂದಳು. ಮನೆಯಲ್ಲಿ ಎತ್ತಿಕೊಳ್ಳಲು ಒಂದು ಮಗು ಕಾಯುತ್ತಿದ್ದರೆ ಎಂಥ ಮಾತೂ ಅಷ್ಟು ಆಳಕ್ಕೆ ಇಳಿಯುವುದಿಲ್ಲ.

ಮನೆ ಅಂದರೆ ಕೆಳಗಿನ ಬೀದಿಯಲ್ಲಿ ಮೈದುನನ ಹೊಲಿಗೆ ಅಂಗಡಿ, ಅದರ ಹಿಂದೆ ಎರಡು ಕೋಣೆ. ಮೈದುನ ಬಟ್ಟೆ ಕತ್ತರಿಸುವವನು, ಅವನ ಹೆಂಡತಿ ಹೊಲಿಯುವವಳು. ಹೆರಿಗೆಯಾಗಿ ಮೈ ಗಟ್ಟಿಯಾಗುವ ಮುಂಚೆಯೇ ಆ ಓರಗಿತ್ತಿ ಮಿಷನ್ನಿನ ಮುಂದೆ ಕೂರಬೇಕಾಯಿತು. ಕೂರದಿದ್ದರೆ ಮನೆ ನಡೆಯುತ್ತಿರಲಿಲ್ಲ. ಹೆಣ್ಣುಕೂಸು ದೊಡ್ಡಮ್ಮನ ಮಡಿಲಿಗೆ ಬಂತು. ಎಲ್ಲರೂ ಪುಟ್ಟಿ ಅಂತ ಕರೆದರು.

ಹೊಲಿಗೆಯವರ ಮನೆಯಲ್ಲಿ ತೆವಳುವ ಕೂಸು ಅಂದರೆ ಜೀವ ಕೈಯಲ್ಲಿ ಹಿಡಿದುಕೊಂಡೇ ಇರಬೇಕು. ನೆಲದ ತುಂಬ ಸೂಜಿ, ಹುಕ್ಕು, ಗುಂಡಿ. ಒಂದು ಮಧ್ಯಾಹ್ನ ಪುಟ್ಟಿ ಸದ್ದಿಲ್ಲದೆ ಕೂತಿದ್ದಳು. ಮಕ್ಕಳು ಕಿರುಚಿದರೆ ಹೆದರಬೇಕಾಗಿಲ್ಲ, ಸುಮ್ಮನಾದರೆ ಹೆದರಬೇಕು. ದೊಡ್ಡಮ್ಮ ಓಡಿಬಂದು ನೋಡಿದರೆ ತುಟಿ ನೀಲಿಗಟ್ಟಿತ್ತು. ಕೂಸನ್ನು ತೊಡೆಯ ಮೇಲೆ ತಲೆಕೆಳಗೆ ಹಾಕಿ ಬೆನ್ನಿಗೆ ಗುದ್ದಿದಳು. ಕೋಟಿನ ದೊಡ್ಡ ಗುಂಡಿಯೊಂದು ಟಣ್ ಅಂತ ನೆಲಕ್ಕೆ ಬಿತ್ತು. ಮಿಷನ್ನಿನ ಸದ್ದಿನಲ್ಲಿ ಹೆತ್ತವಳಿಗೆ ಏನೂ ಕೇಳಿಸಿರಲಿಲ್ಲ. ಅಲ್ಲಿಂದ ಮುಂದೆ ದೊಡ್ಡಮ್ಮ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಕಟ್ಟೆಗೇ ಕರೆದೊಯ್ದು, ತೂಬಿನ ಕಡೆ ಜಾರದ ಹಾಗೆ ತನ್ನ ಸೆರಗಿನ ತುದಿಯನ್ನು ಅದರ ಸೊಂಟಕ್ಕೆ ಕಟ್ಟಿಕೊಂಡು ಗಿಡ ಕೀಳುತ್ತಿದ್ದಳು.

ಓರಗಿತ್ತಿಗೆ ಇದು ಸಮಾಧಾನವೂ ಹೌದು, ಸಂಕಟವೂ ಹೌದು. ಮಗು ಬಿದ್ದರೆ ದೊಡ್ಡಮ್ಮಾ ಅಂತ ಅಳುತ್ತಿತ್ತು, ಅಮ್ಮಾ ಅಂತಲ್ಲ. ಹಡೆದಿದ್ದು ನಾನು, ಹಕ್ಕು ಮಾತ್ರ ಅಕ್ಕಂದು ಅಂತ ಅವಳು ನಗುನಗುತ್ತಲೇ ಅನ್ನುತ್ತಿದ್ದಳು. ಆದರೆ ಹಾಗಂದು ನೂಲನ್ನು ಹಲ್ಲಲ್ಲಿ ಕಡಿಯುತ್ತಿದ್ದ ರೀತಿಯಲ್ಲಿ ನಗು ಇರುತ್ತಿರಲಿಲ್ಲ. ಬೋಳುಕಟ್ಟೆಯವಳು ಕೇಳಿಸಿಕೊಂಡೂ ಕೇಳಿಸದ ಹಾಗಿರುತ್ತಿದ್ದಳು. ಅವಳಿಗೆ ಬೇಕಾಗಿದ್ದು ಒಂದೇ. ಯಾರ ಹೊಟ್ಟೆಯಲ್ಲಾದರೂ ಹುಟ್ಟಿರಲಿ, ಈ ಹುಡುಗಿ ತನ್ನವಳಾಗಿ ಉಳಿಯಬೇಕು.

ಪುಟ್ಟಿ ಒಂದನೇ ತರಗತಿಯಲ್ಲಿದ್ದಾಗ ಶಾಲೆಯಲ್ಲಿ ಮಕ್ಕಳಿಗೆಲ್ಲ ಒಂದೊಂದು ಸಸಿ ಕೊಟ್ಟು ಮನೆಯ ಹತ್ತಿರ ನೆಡಿ ಅಂದರು. ಕಟ್ಟೆಯ ಮೇಲೆ ನೆಟ್ಟರೆ ಬುಟ್ಟಿಯಲ್ಲಿ ವಾಪಸ್ ಬರುತ್ತದೆ ಅನ್ನುವುದು ಮೇಷ್ಟ್ರಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಪುಟ್ಟಿಗೆ ಸಿಕ್ಕಿದ್ದು ಹಾಲಿನ ಪ್ಯಾಕೆಟ್ಟಿನಲ್ಲಿದ್ದ ಒಂದು ಅತ್ತಿ ಸಸಿ. ಮನೆಯ ಹತ್ತಿರ ಅಂಗೈಯಗಲ ಮಣ್ಣಿರಲಿಲ್ಲ. ಹುಡುಗಿ ನೇರ ಕಟ್ಟೆಗೆ ಬಂದು, ಊರ ಕಡೆಯ ಇಳಿಜಾರಿನಲ್ಲಿ, ತೂಬಿನ ಮೇಲುಗಡೆ ಮಣ್ಣು ಸದಾ ತಂಪಾಗಿರುವ ಕಡೆ, ಕೈಯಲ್ಲೇ ಗುಂಡಿ ತೋಡಿ ನೆಟ್ಟಳು. ಇಲ್ಲಿ ಗಿಡ ಇಡೋ ಹಾಗಿಲ್ಲ ಪುಟ್ಟಿ, ಕಿತ್ತುಹಾಕಬೇಕಾಗುತ್ತೆ ಅಂತ ದೊಡ್ಡಮ್ಮ ಮೆಲ್ಲಗೆ ಹೇಳಿದಳು. ಹುಡುಗಿ ಎರಡೂ ಕೈಯಿಂದ ಸಸಿಯನ್ನು ಮುಚ್ಚಿಕೊಂಡಳು.

"ಇದು ಗಿಡ ಅಲ್ಲ ದೊಡ್ಡಮ್ಮ. ಇದು ನಾನು. ನನ್ನ ಕೀಳ್ತೀಯಾ?"

ಊರಿನ ಸಸಿಗಳನ್ನೆಲ್ಲ ಕಣ್ಣು ಮಿಟುಕಿಸದೆ ಕಿತ್ತ ಕೈ ಅಲ್ಲಿ ಸೋತಿತು. ಇರಲಿ, ಒಂದೇ ಒಂದು ತಾನೆ, ನಾನೇ ಇದ್ದೀನಲ್ಲ ನೋಡಿಕೊಳ್ಳೋಕೆ ಅಂದುಕೊಂಡಳು. ಕಟ್ಟೆಯ ಮಟ್ಟಿಗೆ ಅದು ಪೂರ್ತಿ ಸುಳ್ಳೇನಲ್ಲ. ಅವಳಷ್ಟು ನೋಡಿಕೊಳ್ಳುವವರು ಇನ್ನೊಬ್ಬರಿರಲಿಲ್ಲ.

ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಇಂಜಿನಿಯರು ಕಟ್ಟೆಯ ತಪಾಸಣೆಗೆ ಬರುತ್ತಿದ್ದರು. ಮುಂದಿನ ತಪಾಸಣೆಯ ಹೊತ್ತಿಗೆ ಅತ್ತಿ ಅವಳ ಸೊಂಟಕ್ಕೆ ಬಂದಿತ್ತು. ಕೀಳಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ಕೊನೆಗೆ ಒಂದು ಉಪಾಯ ಹೊಳೆಯಿತು. ಮಚ್ಚು ತಂದು ಗಿಡವನ್ನು ನೆಲದ ಸಮಕ್ಕೆ ಕತ್ತರಿಸಿದಳು. ಉಳಿದ ಬುಡದ ಮೇಲೆ, ಬೇರೆ ಕಡೆಯಿಂದ ಮಣ್ಣಿನ ಸಮೇತ ಎಬ್ಬಿಸಿ ತಂದ ಹುಲ್ಲನ್ನು ಕೂರಿಸಿ, ನೀರು ಚಿಮುಕಿಸಿ, ಅಂಗೈಯಿಂದ ತಟ್ಟಿದಳು. ಇಂಜಿನಿಯರು ಅದರ ಮೇಲೆಯೇ ಕಾಲಿಟ್ಟು ನಡೆದು, ನಿಮ್ಮ ಕಟ್ಟೆ ಕನ್ನಡಿ ಇದ್ದ ಹಾಗಿದೆ ಅಮ್ಮ ಅಂತ ಹೊಗಳಿ ಹೋದರು. ತಪಾಸಣೆ ನಡೆಯುತ್ತಿದ್ದದ್ದು ರಜೆಯಲ್ಲಿ. ರಜೆಗೆ ಪುಟ್ಟಿ ತಾಯಿಯ ಜೊತೆ ಅಜ್ಜಿಯ ಮನೆಗೆ ಹೋಗಿರುತ್ತಿದ್ದಳು. ಅವಳು ತಿರುಗಿ ಬರುವ ಹೊತ್ತಿಗೆ ಹುಲ್ಲನ್ನು ಸೀಳಿಕೊಂಡು ಅತ್ತಿ ಮತ್ತೆ ಚಿಗುರಿರುತ್ತಿತ್ತು, ಒಂದು ಕವಲಿದ್ದ ಕಡೆ ಎರಡು ಮೂರು.

ಹೀಗೆ ವರ್ಷ ವರ್ಷವೂ. ಇದ್ಯಾಕೆ ಬೆಳೀತಾನೇ ಇಲ್ಲ ಅಂತ ಹುಡುಗಿ ಕೇಳಿದರೆ, ನಿನ್ನ ಹಾಗೇ ಅದಕ್ಕೂ ಊಟ ಅಂದರೆ ಆಗಲ್ಲ, ಇನ್ನೆಲ್ಲಿ ಬೆಳೆಯುತ್ತೆ ಅಂತ ದೊಡ್ಡಮ್ಮ ತಮಾಷೆ ಮಾಡುತ್ತಿದ್ದಳು. ಕತ್ತರಿಸುತ್ತೇನೆ ಅಂತ ಹೇಳಲು ಬಾಯಿ ಬರಲಿಲ್ಲ. ಮಕ್ಕಳಿಗೆ ಕತ್ತರಿಸುವುದೂ ಒಂದೇ, ಕೊಲ್ಲುವುದೂ ಒಂದೇ. ತಲೆ ಎತ್ತಲು ಬಿಡದಿದ್ದರೆ ಬೇರು ತಾನೇ ಎಲ್ಲಿಗೆ ಹೋದೀತು ಅಂತ ಅವಳ ಲೆಕ್ಕಾಚಾರ. ಮೇಲೆ ಬೆಳೆಯಲು ಬಿಡದ ಗಿಡ ಕೆಳಗೆ ಬೆಳೆಯುತ್ತಿರಬಹುದು ಅನ್ನುವುದು ಅವಳಿಗೆ ಹೊಳೆಯಲಿಲ್ಲ, ಅಥವಾ ಹೊಳೆದರೂ ಅದರ ಮೇಲೂ ಒಂದಿಷ್ಟು ಹುಲ್ಲು ಮುಚ್ಚಿದಳು.

ಪುಟ್ಟಿ ಪ್ರಾಥಮಿಕ ಶಾಲೆ ಮುಗಿಸುವ ವರ್ಷ ತಪಾಸಣೆ ತಡವಾಯಿತು. ರಜೆ ಮುಗಿದು ಹುಡುಗಿ ಊರಿಗೆ ಬಂದಿದ್ದಳು. ದೊಡ್ಡಮ್ಮ ಬೆಳಿಗ್ಗೆ ಬೇಗ ಹೋಗಿ ತನ್ನ ಕೆಲಸ ಮುಗಿಸಿ ಬಂದಳು. ಆ ಸಂಜೆ ಪುಟ್ಟಿ ಶಾಲೆಯಿಂದ ತಡವಾಗಿ ಬಂದು, ಹೊಟ್ಟೆನೋವು ಅಂತ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹಣೆ ಮುಟ್ಟಲು ಹೋದ ಕೈಯನ್ನು ತಳ್ಳಿದಳು. ಜ್ವರವೇನೋ, ಯಾರಾದರೂ ಹೊಡೆದರೇನೋ, ದೊಡ್ಡವಳಾಗುವ ಕಾಲ ಬಂತೇನೋ ಅಂತ ದೊಡ್ಡಮ್ಮ ಒದ್ದಾಡಿದಳು. ಮಾರನೇ ದಿನದಿಂದ ಹುಡುಗಿ ಜಡೆ ಹಾಕಿಸಿಕೊಳ್ಳಲು ತಾಯಿಯ ಮುಂದೆ ಕೂತಳು. ಕಟ್ಟೆಗೆ ಬಾ ಅಂದರೆ ಪಾಠ ಇದೆ ಅಂದಳು. ಆ ಮಳೆಗಾಲ ಮುಗಿಯುವ ಮುಂಚೆಯೇ, ಹೈಸ್ಕೂಲಿಗೆ ಪುಟ್ಟಿಯನ್ನು ಪಟ್ಟಣದ ಹಾಸ್ಟೆಲಿಗೆ ಹಾಕುತ್ತಾರೆ ಅಂತ ಮನೆಯಲ್ಲಿ ಮಾತು ಬಂತು.

ಇದು ಓರಗಿತ್ತಿಯ ಕೆಲಸ ಅನ್ನುವುದರಲ್ಲಿ ದೊಡ್ಡಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕಿವಿ ಕಚ್ಚಿ ಮಗುವಿನ ಮನಸ್ಸು ತಿರುಗಿಸಿ, ಕೊನೆಗೆ ಮನೆಯಿಂದಲೇ ಹೊರಗೆ ಕಳಿಸಿಬಿಟ್ಟಳು. ತನಗೆ ದಕ್ಕದಿದ್ದರೂ ಸರಿ, ನನಗೆ ದಕ್ಕಬಾರದು! ಅವತ್ತಿನಿಂದ ಇಬ್ಬರ ನಡುವೆ ಮಾತು ಉಪ್ಪು, ನೀರು, ಸೀಮೆಎಣ್ಣೆಗೆ ಇಳಿಯಿತು. ಒಂದೇ ಒಲೆ, ಒಂದೇ ಬಚ್ಚಲು, ಆದರೂ ಒಬ್ಬರ ಮುಖ ಒಬ್ಬರು ನೋಡದೆ ವರ್ಷಗಳು ಕಳೆದವು. ಏನಕ್ಕಾ ಅಂತ ಓರಗಿತ್ತಿ ಒಂದೆರಡು ಸಲ ಕೇಳಿ ನೋಡಿದಳು. ಇವಳು ಪಾತ್ರೆ ಉಜ್ಜುತ್ತಲೇ ಇದ್ದಳು.

ಪುಟ್ಟಿ ಪಟ್ಟಣದಲ್ಲೇ ಓದಿ, ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ, ಅಲ್ಲಿಯೇ ಒಬ್ಬನನ್ನು ಮದುವೆಯಾದಳು. ಊರಿಗೆ ಬಂದಾಗ ದೊಡ್ಡಮ್ಮನಿಗೆ ಒಂದು ಸೀರೆ, ಮೊಣಕಾಲಿಗೆ ಮುಲಾಮು ತರುತ್ತಿದ್ದಳು; ಹೇಗಿದ್ದೀಯಾ ಅಂತ ಕೇಳಿ, ಉತ್ತರ ಮುಗಿಯುವಷ್ಟರಲ್ಲಿ ಎದ್ದಿರುತ್ತಿದ್ದಳು. ದೊಡ್ಡಮ್ಮ ಅತ್ತಿಯನ್ನು ಬಿಡಲಿಲ್ಲ. ಹುಡುಗಿ ತನ್ನವಳು ಅನ್ನುವುದಕ್ಕೆ ಅವಳ ಹತ್ತಿರ ಉಳಿದಿದ್ದ ಗುರುತು ಅದೊಂದೇ. ಯಾವತ್ತಾದರೂ ಒಂದು ದಿನ ಕೇಳುತ್ತಾಳೆ, ಆಗ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕು. ನೋಡು, ಊರೆಲ್ಲ ನನ್ನನ್ನು ಬೈದರೂ ನಿನ್ನದೊಂದನ್ನು ಉಳಿಸಿಕೊಂಡು ಬಂದಿದ್ದೀನಿ ಅನ್ನಬೇಕು. ಪ್ರತಿ ವರ್ಷ ಮಚ್ಚು, ಪ್ರತಿ ವರ್ಷ ಹುಲ್ಲು. ಇಂಜಿನಿಯರುಗಳು ಬದಲಾದರು, ಕನ್ನಡಿಯ ಹೊಗಳಿಕೆ ಬದಲಾಗಲಿಲ್ಲ.

ಪುಟ್ಟಿಗೆ ಮಗುವಾದ ವರ್ಷವೇ ಆ ಮಳೆ ಬಂತು. ಬೆಳಗ್ಗಿನಿಂದ ಗುಡ್ಡ ಕಾಣಿಸಲಿಲ್ಲ, ಬರೀ ಬಿಳಿ. ಎಂದೂ ತುಂಬದ ಕಟ್ಟೆಯ ಹಿಂದೆ ಕೆಂಪು ನೀರು ಏರುತ್ತ ಏರುತ್ತ ಏರಿಯ ಎದೆಗೆ ಬಂತು. ನೋಡಲು ಬಂದ ಊರವರು, ಅಂತೂ ನಮ್ಮ ಕಟ್ಟೆಯೂ ತುಂಬಿತು ಅಂತ ಸಂಭ್ರಮಪಟ್ಟು ಮೊಬೈಲಿನಲ್ಲಿ ಹಿಡಿದುಕೊಂಡರು. ಬೋಳುಕಟ್ಟೆಯವಳೊಬ್ಬಳು ನೀರನ್ನು ನೋಡಲಿಲ್ಲ. ಕೊಡೆಯಿಲ್ಲದೆ ಏರಿಯ ಬುಡದಲ್ಲಿ, ಊರ ಕಡೆ, ಬಗ್ಗಿ ನೋಡುತ್ತ ನಡೆದಳು. ಒಂದು ಕಡೆ ಹುಲ್ಲಿನ ನಡುವಿನಿಂದ ನೀರು ಜಿನುಗುತ್ತಿತ್ತು. ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಅಂಗೈಯಲ್ಲಿ ಹಿಡಿದು ನೋಡಿದಳು, ಕದಡಿತ್ತು. ನೀರಿನ ಜೊತೆ ಕಟ್ಟೆಯೊಳಗಿನ ಮಣ್ಣೂ ಬರುತ್ತಿತ್ತು. ತಲೆ ಎತ್ತಿ ಅದು ಯಾವ ಜಾಗ ಅಂತ ನೋಡುವ ಅಗತ್ಯವಿರಲಿಲ್ಲ.

ಇಂಜಿನಿಯರಿಗೆ ಫೋನ್ ಮಾಡಿದಳು. ಕೆಳಗಿನ ಬೀದಿಯಲ್ಲಿ ಬಾಗಿಲು ಬಾಗಿಲು ಬಡಿದು ಎಲ್ಲರನ್ನೂ ಹೊರಡಿಸಿ ಶಾಲೆಯ ಮಹಡಿಗೆ ಅಟ್ಟಿದಳು. ಬರಲ್ಲ ಅಂದ ಹಾಲಿನವಳನ್ನು ರಟ್ಟೆ ಹಿಡಿದು ಎಳೆದಳು, ಅವಳ ದನದ ಹಗ್ಗ ತಾನೇ ಬಿಚ್ಚಿದಳು. ಮರಳಿನ ಚೀಲದ ಲಾರಿ ಬರುವಷ್ಟರಲ್ಲಿ ಏರಿಯ ಆ ಭಾಗ ಕೂತ ಮುದುಕನ ಹಾಗೆ ಮೆಲ್ಲಗೆ ಕುಸಿಯಿತು, ಆಮೇಲೆ ಬಾಯಿ ತೆರೆಯಿತು. ಜೀವ ಒಂದೂ ಹೋಗಲಿಲ್ಲ. ಕೆಳಗಿನ ಬೀದಿ ಹೋಯಿತು. ಹೊಲಿಗೆ ಅಂಗಡಿಯಲ್ಲಿ ಮಿಷನ್ನುಗಳ ಕುತ್ತಿಗೆಯವರೆಗೆ ಕೆಸರು. ಊರವರು ಹೊಲಿಯಲು ಕೊಟ್ಟಿದ್ದ ಬಟ್ಟೆಗಳೆಲ್ಲ ಕೆಸರಿನಲ್ಲಿ ಕಲಸಿಹೋಗಿದ್ದವು.

ನೀರಿಳಿದ ಮೇಲೆ ಊರಿಗೆ ಊರೇ ಒಡೆದ ಜಾಗಕ್ಕೆ ಬಂತು. ಸೀಳಿದ ಮಣ್ಣಿನ ಗೋಡೆಯಿಂದ ಬೇರುಗಳು ಜೋತಾಡುತ್ತಿದ್ದವು. ತೊಡೆ ಗಾತ್ರದ್ದು, ತೋಳಿನ ಗಾತ್ರದ್ದು. ಕೆಲವು ಹಸಿ, ಕೆಲವು ಒಳಗೇ ಕೊಳೆತು ಕೊಳವೆಗಳಾಗಿದ್ದವು. ಮೇಲೆ ಮೊಳದುದ್ದದ ಚಿಗುರು, ಕೆಳಗೆ ಇಷ್ಟು. ಇದು ಇಲ್ಲಿ ಹೇಗೆ ಬಂತು ಅಂತ ಇಂಜಿನಿಯರು ಕೇಳಿದರು. ಜನರ ನಡುವೆ ನಿಂತಿದ್ದ ಓರಗಿತ್ತಿ ಅವಳನ್ನೇ ನೋಡಿದಳು. ಅದು ಯಾರ ಗಿಡ ಅಂತ ಇವಳನ್ನು ಬಿಟ್ಟರೆ ಗೊತ್ತಿದ್ದದ್ದು ಓರಗಿತ್ತಿಯೊಬ್ಬಳಿಗೆ.

"ನಂದೇ" ಅಂದಳು ಬೋಳುಕಟ್ಟೆಯವಳು. "ನಾನೇ ಬಿಟ್ಟಿದ್ದು."

"ನಮ್ಮದೆಲ್ಲ ಕಿತ್ತಳು, ತನ್ನದನ್ನ ಸಾಕಿಕೊಂಡಳು" ಅಂದಳು ಹಾಲಿನವಳು. "ಬೇಲಿಯೇ ಎದ್ದು ಹೊಲ ಮೇಯ್ತು ನೋಡಿ." ಯಾರೂ ನಗಲಿಲ್ಲ. ನಾಳೆಯಿಂದ ಬರಬೇಡಿ ಅಂತ ಇಂಜಿನಿಯರು ಅವಳ ಮುಖ ನೋಡದೆ ಹೇಳಿದರು. ಮನೆಯಲ್ಲಿ ಮೈದುನ ಮಿಷನ್ನಿನೊಳಗಿನ ಕೆಸರನ್ನು ಚಮಚದಲ್ಲಿ ಕೆರೆಯುತ್ತ, ಅತ್ತಿಗೆ, ನಿಮ್ಮ ಅತ್ತಿ ನನ್ನ ಅಂಗಡಿ ನುಂಗ್ತಲ್ಲ ಅಂದ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು, ಅವನು ಅದನ್ನು ತಮಾಷೆಯಾಗಿ ಹೇಳಲು ನೋಡಿದ್ದ. ಪುಟ್ಟಿಯ ಹೆಸರು ಎಲ್ಲೂ ಬರಬಾರದು ಅಂತಷ್ಟೇ ಓರಗಿತ್ತಿ ಹೇಳಿದಳು. ಬರಲ್ಲ ಅಂದಳು ಇವಳು. ಎಲ್ಲ ಹೋದರೂ ಒಂದು ಉಳಿದಿದೆ ಅನ್ನಿಸುತ್ತಿತ್ತು ಅವಳಿಗೆ. ಪುಟ್ಟಿ ಬರುತ್ತಾಳೆ, ಆ ಬೇರಿನ ಗಾತ್ರ ನೋಡಿ ಎಷ್ಟು ವರ್ಷ ಕಾಪಾಡಿದ್ದು ಅಂತ ತಿಳಿಯುತ್ತಾಳೆ.

ಪುಟ್ಟಿ ಬಂದಳು. ಮಗುವಿಗೆ ಕಿವಿ ಮುಚ್ಚುವ ಟೋಪಿ, ಕಾಲುಚೀಲ. ಕೆಸರಿನ ವಾಸನೆಗೆ ಮಗುವಿನ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡಿದ್ದಳು. ಗಂಡ ಕಾರಿನ ಹತ್ತಿರವೇ ನಿಂತ. ಅಪ್ಪನನ್ನು, ಅಮ್ಮನನ್ನು, ಗೋಡೆಯ ಮೇಲಿನ ನೀರಿನ ಗೆರೆಯನ್ನು ನೋಡಿ ಅತ್ತಳು. ದೊಡ್ಡಮ್ಮ ಕಾದಳು. ಕಾದು ಕಾದು ಕೊನೆಗೆ ತಾನೇ ಹೇಳಿದಳು.

"ನಿನ್ನ ಅತ್ತಿ ಕಣೇ ಅದು. ನೀನು ನೆಟ್ಟಿದ್ದು."

ಪುಟ್ಟಿ ಮಗುವನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿಕೊಂಡಳು.

"ಅದಾ? ಅದನ್ನ ನೀನು ಕಿತ್ತುಬಿಟ್ಟಿದ್ದೆ ಅಲ್ವಾ ದೊಡ್ಡಮ್ಮ. ನಾನು ಶಾಲೆಯಿಂದ ಬರ್ತಾ ನೋಡಿದೆ, ಬರೀ ಹುಲ್ಲಿತ್ತು. ಎಷ್ಟು ಕೋಪ ಬಂದಿತ್ತು ಗೊತ್ತಾ. ಇವಳು ಎಲ್ಲರದನ್ನೂ ಕಿತ್ತ ಹಾಗೇ ನನ್ನನ್ನೂ ಕಿತ್ತಳು ಅಂತ. ಅದಕ್ಕೇ ತಾನೆ ನಾನೇ ಹಟ ಮಾಡಿ ಹಾಸ್ಟೆಲಿಗೆ ಹೋಗಿದ್ದು. ಅಮ್ಮ ಬೇಡ ಬೇಡ ಅಂತ ಅತ್ತಳು. ಆಮೇಲೆ ಮರೆತೇಹೋಯ್ತು ಬಿಡು, ಚಿಕ್ಕವಳಿದ್ದೆ."

ಓರಗಿತ್ತಿ ಕೆಸರು ಹಿಂಡುತ್ತಿದ್ದ ಬಟ್ಟೆಯನ್ನು ಹಿಡಿದೇ ನಿಂತಿದ್ದಳು. ಅವಳ ಕಡೆ ನೋಡಲು ದೊಡ್ಡಮ್ಮನಿಗೆ ಆಗಲಿಲ್ಲ.

"ಕಿತ್ತಿರಲಿಲ್ಲ ಮಗಳೇ" ಅಂದಳು. "ಮುಚ್ಚಿಟ್ಟಿದ್ದೆ."

ಪುಟ್ಟಿ ಮಿಷನ್ನುಗಳ ಕಡೆ ನೋಡಿದಳು, ಅಮ್ಮನ ಕೈಯ ಕಡೆ ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ.

"ಕಿತ್ತೇಬಿಡಬೇಕಿತ್ತು ದೊಡ್ಡಮ್ಮ."

ಅಷ್ಟರಲ್ಲಿ ಮಗು ಕೊಸರಾಡಿ ಅಳತೊಡಗಿತು. ದೊಡ್ಡಮ್ಮ ಅಭ್ಯಾಸಬಲದಿಂದ ಕೈ ಚಾಚಿದಳು. ಪುಟ್ಟಿ ಅರ್ಧ ಹೆಜ್ಜೆ ಹಿಂದೆ ಸರಿದು, ಕೈ ತೊಳ್ಕೊಂಡು ಬಾ, ಕೆಸರಿನಲ್ಲಿ ಏನೇನಿರುತ್ತೋ ಅಂದಳು. ತಪ್ಪೇನಿಲ್ಲ, ಯಾವ ತಾಯಿಯಾದರೂ ಅನ್ನುವ ಮಾತು. ನಲ್ಲಿಯಲ್ಲಿ ಬರುತ್ತಿದ್ದುದೂ ಕೆಸರೇ. ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕರ್ ನಿಂತಿತ್ತು, ಕೊಡಗಳ ಸಾಲಿತ್ತು. ಅವಳು ಹೋದಾಗ ಹೆಂಗಸರು ಜಾಗ ಬಿಡಲಿಲ್ಲ, ಬೈಯಲೂ ಇಲ್ಲ. ಸರದಿ ಬಂದಾಗ ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದುಕೊಂಡಳು, ಉಗುರಿನ ಸಂದಿಯನ್ನು ಕಡ್ಡಿಯಿಂದ ಬಿಡಿಸಿದಳು. ಒರೆಸಿಕೊಳ್ಳಲು ಮನೆಯಲ್ಲಿ ಒಂದೂ ಒಳ್ಳೆಯ ಬಟ್ಟೆಯಿರಲಿಲ್ಲ. ಎಲ್ಲೂ ತಗುಲದ ಹಾಗೆ ಕೈಗಳನ್ನು ಮುಂದೆ ಹಿಡಿದುಕೊಂಡು ಬಂದಳು.

ಪುಟ್ಟಿ ಕಾರಿನಲ್ಲಿ ಕೂತಿದ್ದಳು. ಗಾಜು ಇಳಿಸಿ, ತುಟಿಯ ಮೇಲೆ ಬೆರಳಿಟ್ಟಳು.

"ಈಗ ತಾನೇ ಮಲಗಿತು ದೊಡ್ಡಮ್ಮ. ಎಬ್ಬಿಸಬೇಡ."